ಅಡಿಗೆಮನೆಯ ಹಗೇವು

ಧನುರ್ಮಾಸ ಕಾಲಿಟ್ಟಿತೆಂದರೆ ಹೊಸಕೋಟೆಯ ಬೀದಿಗಳಲ್ಲಿ ಅವರೆಕಾಯಿಯ ಸೊಗಡು ತುಂಬುತ್ತದೆ. ಮನೆಮನೆಯ ಜಗಲಿಯ ಮೇಲೆ ಕಾಯಿ ಸುಲಿಯುವ ಸಂಭ್ರಮ; ರಾತ್ರಿ ನೆನೆಹಾಕಿದ ಕಾಳನ್ನು ಬೆಳಗ್ಗೆ ಒಂದೊಂದಾಗಿ ಹಿಚುಕಿ ಬೇಳೆ ತೆಗೆಯುವ ಶ್ರಮ. ಸಂಕ್ರಾಂತಿ ಕಳೆದು ಕೆಲವು ವಾರಗಳಾದರೆ ಈ ಬೇಳೆ ಅಪರೂಪವಾಗುವುದು. ಅದನ್ನು ಬೇಸಿಗೆಯವರೆಗೂ ಕಾಪಾಡಿಕೊಳ್ಳಬೇಕೆಂಬ ಆಸೆ ಗೃಹಿಣಿಯರಿಗೆ ಸಹಜವೇ ಆಗಿದೆ.

ಊರಿನ ಒಂದು ಮನೆಯಲ್ಲಿ ಅತ್ತೆಯೂ ಸೊಸೆಯೂ ಮೂರು ದಿನ ಕುಳಿತು ಸೇರುಗಟ್ಟಲೆ ಬೇಳೆ ತೆಗೆದರು. ಹಿಂದಿನ ವರ್ಷ ಕೊಂಡಿದ್ದ, ಗಾಳಿಯನ್ನು ಹೀರಿ ಚೀಲದ ಬಾಯಿ ಅಂಟಿಸುವ ವ್ಯಾಕ್ಯೂಮ್ ಸೀಲರ್ ಯಂತ್ರವು ಐದನೆಯ ಚೀಲಕ್ಕೆ ಕೈಕೊಟ್ಟಿತು. ಅಂಗಡಿಗೆ ಒಯ್ದರೆ, "ಇದರ ಬಿಡಿಭಾಗ ಬರುವುದಿಲ್ಲಮ್ಮ, ಹೊಸದನ್ನೇ ಕೊಳ್ಳಿ" ಎಂಬ ಉತ್ತರ ದೊರೆಯಿತು. ಅಷ್ಟರಲ್ಲಿ ಉಳಿದ ಬೇಳೆಯಲ್ಲಿ ಅರ್ಧ ನೆರೆಮನೆಗಳಿಗೆ ಹೋಯಿತು; ಇನ್ನರ್ಧ ಹುಳಿಯಾಯಿತು.

"ಅತ್ತೆ, ಈ ಸಲ ಬೆಲೆ ಹೆಚ್ಚಾದರೂ ಸರಿ, ಒಳ್ಳೆಯದನ್ನೇ ತರೋಣ" ಎಂದಳು ಸೊಸೆ.

"ತಾರಮ್ಮ. ಆದರೆ ಕೆಟ್ಟರೆ ರಿಪೇರಿಯಾಗುವಂಥದ್ದನ್ನು ತಾ" ಎಂದರು ಅತ್ತೆ.

ಯಂತ್ರವನ್ನು ಆರಿಸುವವರಿಗೆ ಇದಕ್ಕಿಂತ ಒಳ್ಳೆಯ ಬುದ್ಧಿಮಾತು ದೊರೆಯುವುದು ಕಷ್ಟ.

ಹಳೆಯ ವಿದ್ಯೆ, ಹೊಸ ರೂಪ

ಗಾಳಿಯಿಲ್ಲದೆಡೆಯಲ್ಲಿ ಆಹಾರವನ್ನು ಕಾಪಾಡುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಹಿಂದೆ ಬಯಲುಸೀಮೆಯ ರೈತರು ನೀರು ನಿಲ್ಲದ ಎತ್ತರದ ಗಟ್ಟಿನೆಲದಲ್ಲಿ ಹಗೇವು ತೋಡಿ, ಒಳಗೆ ಹುಲ್ಲು ಹೊದಿಸಿ, ಒಣಗಿದ ರಾಗಿಯನ್ನು ತುಂಬಿ, ಇಕ್ಕಟ್ಟಾದ ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳೂ ಹುಳುಗಳೂ ಉಸಿರಾಡಿ ಇದ್ದ ಆಮ್ಲಜನಕವನ್ನು ಮುಗಿಸುತ್ತಿದ್ದುವು. ಅದರ ಸ್ಥಾನದಲ್ಲಿ ಇಂಗಾಲಾಮ್ಲ ಅನಿಲ ತುಂಬುತ್ತಿತ್ತು. ಆಮೇಲೆ ಹುಳು ಬದುಕುವಂತಿರಲಿಲ್ಲ. ರಾಗಿ ವರ್ಷಗಟ್ಟಲೆ ಕೆಡದೆ ಉಳಿದು ಬರಗಾಲದಲ್ಲಿ ಊರನ್ನು ಕಾಯುತ್ತಿತ್ತು.

ಆದರೆ ಹಗೇವನ್ನು ತೆರೆದೊಡನೆ ಯಾರೂ ಒಳಗಿಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯನು ಇಳಿಯಬೇಕು. ಅವಸರಪಟ್ಟವರು ಉಸಿರುಕಟ್ಟಿ ಸತ್ತದ್ದೂ ಉಂಟು. ಕಾಳನ್ನು ಉಳಿಸುವ ಗಾಳಿಯಿಲ್ಲದ ಸ್ಥಿತಿಯೇ ಎಚ್ಚರ ತಪ್ಪಿದವನ ಪ್ರಾಣವನ್ನೂ ತೆಗೆಯಬಲ್ಲದು. ಅಡಿಗೆಮನೆಯ ಈ ಪುಟ್ಟ ಹಗೇವಿಗೂ ಈ ಎರಡು ಗುಣಗಳುಂಟು.

ಎಂಥ ಯಂತ್ರ ಬೇಕು?

ಇವುಗಳಲ್ಲಿ ಮೂರು ಬಗೆ. ಕೈಪಂಪಿನಿಂದಲೋ ಬ್ಯಾಟರಿಯಿಂದಲೋ ನಡೆಯುವುದು ಮೊದಲನೆಯದು; ಹಗುರ, ಅಗ್ಗ, ಕೆಲವು ದಿನಗಳ ಬಳಕೆಗೆ ಸಾಕು. ಮೇಜಿನ ಮೇಲಿಟ್ಟು, ಚೀಲದ ಬಾಯನ್ನು ಮುಚ್ಚಳದಡಿ ಸಿಕ್ಕಿಸಿ ಗಾಳಿ ಹೀರುವುದು ಎರಡನೆಯದು. ಸಾಮಾನ್ಯ ಸಂಸಾರಕ್ಕೆ ಒಪ್ಪುವುದು ಇದೇ. ಇಡೀ ಚೀಲವನ್ನೇ ಪೆಟ್ಟಿಗೆಯೊಳಗಿಟ್ಟು ಮುಚ್ಚುವುದು ಮೂರನೆಯದು. ಇದರಲ್ಲಿ ದ್ರವಪದಾರ್ಥವನ್ನೂ ಚೆಲ್ಲದೆ ಮುಚ್ಚಬಹುದು. ಆದರೆ ಇದು ಭಾರವಾದದ್ದು, ದುಬಾರಿಯೂ ಹೌದು. ಹಪ್ಪಳ, ಸಾರಿನ ಪುಡಿ ಮಾಡಿ ಮಾರುವ ಗೃಹೋದ್ಯಮದವರಿಗೆ ತಕ್ಕುದು. ತಿಂಗಳಿಗೆ ಬೇಕಾದಷ್ಟೇ ಸಾಮಾನು ತರುವ ಮನೆಗಾದರೋ ಬಿಗಿಮುಚ್ಚಳದ ಸ್ಟೀಲ್ ಡಬ್ಬಿಯೇ ಸಾಕು; ಯಂತ್ರವೇ ಬೇಕಿಲ್ಲ.

ಮೇಜಿನ ಯಂತ್ರದ ಆಯುಸ್ಸು ನಾಲ್ಕು ಭಾಗಗಳಲ್ಲಿದೆ. ಒಂದು, ಪಂಪು. ಎರಡು, ಮುಚ್ಚಳದ ಸುತ್ತಲಿನ ಗ್ಯಾಸ್ಕೆಟ್. ಕುಕ್ಕರಿನದರಂತೆಯೇ ಇದೂ ಸವೆಯುತ್ತದೆ. ಮೂರು, ಚೀಲವನ್ನು ಅಂಟಿಸುವ ಕಾಯುವ ತಂತಿ. ನಾಲ್ಕು, ಆ ತಂತಿಯ ಮೇಲೆ ಹೊದಿಸಿದ ಟೆಫ್ಲಾನ್ ಪಟ್ಟಿ. ಪಂಪನ್ನುಳಿದು ಮಿಕ್ಕವು ಸವೆಯಲೆಂದೇ ಇರುವ ಭಾಗಗಳು. ಅವನ್ನು ಮನೆಯಲ್ಲಿಯೇ ಬಿಚ್ಚಿ ಬದಲಾಯಿಸಬಹುದೇ, ಬಿಡಿಯಾಗಿ ದೊರೆಯುತ್ತವೆಯೇ ಎಂಬುದು ಕೇಳಬೇಕಾದ ಮೊದಲ ಪ್ರಶ್ನೆ. ಒಂದು ಜೊತೆ ಗ್ಯಾಸ್ಕೆಟ್ಟನ್ನೂ ಪಟ್ಟಿಯನ್ನೂ ಯಂತ್ರದೊಡನೆಯೇ ಕೊಂಡಿಟ್ಟುಕೊಳ್ಳುವುದು ಜಾಣತನ. ಅಂಟಿನ ಗೆರೆ ಅಗಲವಾಗಿರಬೇಕು. ಜೋಡಿ ಗೆರೆಯಾದರೆ ಇನ್ನೂ ಲೇಸು. ಒಳಗೆ ಹರಿದ ನೀರು ಪಂಪಿಗೆ ಸೇರದಂತೆ ತಡೆಯುವ, ತೆಗೆದು ತೊಳೆಯಬಹುದಾದ ತಟ್ಟೆಯೂ ಇರತಕ್ಕದ್ದು.

ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಳಿಗೆ ಮರುಳಾಗಬಾರದು. ಸಮುದ್ರಮಟ್ಟದಲ್ಲಿ ವಾಯುವಿನ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಸುಮಾರು 900 ಮೀಟರ್ ಎತ್ತರದ ಬೆಂಗಳೂರು–ಹೊಸಕೋಟೆಯ ಪ್ರಸ್ಥಭೂಮಿಯಲ್ಲಿ ಅದು 91ರ ಆಸುಪಾಸಿನಲ್ಲಿರುವುದು. ಮಂಗಳೂರಿನಲ್ಲಿ 80 ಎಂದು ತೋರಿಸುವ ಪಂಪು ಇಲ್ಲಿ 72ರಷ್ಟು ತೋರಿಸಿದರೆ ಅದು ಯಂತ್ರದ ದೋಷವಲ್ಲ, ಊರಿನ ಎತ್ತರದ ಗುಣ. ಎರಡೂ ಕಡೆ ಚೀಲದಲ್ಲಿ ಉಳಿಯುವ ಗಾಳಿ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲೇ ಸರಿ.

ಅಂಕಿಗಿಂತ ಪರೀಕ್ಷೆ ಮೇಲು. ಒಂದು ಹಿಡಿ ಕಡಲೆಕಾಯಿ ಬೀಜವನ್ನು ಚೀಲಕ್ಕೆ ಹಾಕಿ ಮುಚ್ಚಿ, ಮಾರನೆಯ ದಿನ ನೋಡಬೇಕು. ಚೀಲವು ಬೀಜಕ್ಕೆ ಅಂಟಿಕೊಂಡೇ ಇದ್ದರೆ ಸರಿ, ಸಡಿಲವಾಗಿದ್ದರೆ ಸೋರಿಕೆಯುಂಟು. ಇನ್ನೊಂದು ಚೀಲಕ್ಕೆ ಗಾಳಿ ತುಂಬಿಯೇ ಬಾಯಿ ಅಂಟಿಸಿ ಬಕೆಟ್ಟಿನ ನೀರಿನಲ್ಲಿ ಅದುಮಿದರೆ, ಗುಳ್ಳೆಗಳು ಸೋರುವ ಜಾಗವನ್ನು ತಾವೇ ತೋರಿಸಿಕೊಡುತ್ತವೆ. ಬಿಲ್ಲನ್ನು ಜೋಪಾನವಾಗಿಟ್ಟು, ಈ ಪರೀಕ್ಷೆಗಳನ್ನು ಮೊದಲ ವಾರದಲ್ಲಿಯೇ ಮುಗಿಸುವುದು ಕ್ಷೇಮ.

ಚೀಲಗಳ ವಿಚಾರದಲ್ಲಿಯೂ ವಿವೇಕ ಬೇಕು. ಸಾಧಾರಣ ಪಾಲಿಥೀನ್ ಚೀಲದೊಳಕ್ಕೆ ಆಮ್ಲಜನಕ ಮೆಲ್ಲಗೆ ನುಸುಳುತ್ತದೆ. ಹೊರಗೆ ನೈಲಾನ್, ಒಳಗೆ ಪಾಲಿಥೀನ್ ಪದರವುಳ್ಳ, ಆಹಾರಕ್ಕೆ ಯೋಗ್ಯವೆಂದು ನಮೂದಿಸಿದ ಚೀಲಗಳೇ ಬೇಕು. ಮೇಜಿನ ಯಂತ್ರಕ್ಕೆ ಒಳಮೈಯಲ್ಲಿ ಉಬ್ಬುಗೆರೆಗಳಿರುವ ಚೀಲ ಅವಶ್ಯ. ಗಾಳಿ ಹೊರಬರಲು ಆ ಗೆರೆಗಳೇ ದಾರಿ. ಒಂದೇ ತಯಾರಕರ ಚೀಲವನ್ನಲ್ಲದೆ ಬೇರೆಯದನ್ನು ಒಪ್ಪದ ಯಂತ್ರವು ಮುಂದೆ ಭಾರವಾಗಬಹುದು.

ಬಾಳಿಸುವವರ ಕೈ

ಎಷ್ಟು ಒಳ್ಳೆಯ ಯಂತ್ರವಾದರೂ ಬಾಳುವುದು ಬಾಳಿಸುವವರ ಕೈಯಲ್ಲಿ. ಸಾಲಾಗಿ ಹತ್ತಾರು ಚೀಲಗಳನ್ನು ಅಂಟಿಸಿದರೆ ತಂತಿ ಕಾದು ಚೀಲವೂ ಪಟ್ಟಿಯೂ ಸುಡುವುವು. ಒಂದೊಂದು ಚೀಲದ ನಡುವೆ ಯಂತ್ರಕ್ಕೆ ಕೊಂಚ ವಿರಾಮ ಕೊಡಬೇಕು. ರಾಗಿ ಹಿಟ್ಟು, ಮೆಣಸಿನ ಪುಡಿಗಳನ್ನು ನೇರವಾಗಿ ಹಾಕಿದರೆ ಅವು ಗಾಳಿಯೊಡನೆ ಪಂಪಿಗೆ ನುಗ್ಗುತ್ತವೆ. ಮೊದಲು ಕಾಗದದ ಪೊಟ್ಟಣದಲ್ಲಿ ಕಟ್ಟಿ ಚೀಲದೊಳಗಿಡಬೇಕು. ಸಾರು, ಗೊಜ್ಜುಗಳನ್ನು ಹೆಪ್ಪುಗಟ್ಟಿಸಿದ ಮೇಲೆಯೇ ಮುಚ್ಚಬೇಕು. ಸಂಡಿಗೆ, ಚಕ್ಕುಲಿಗಳು ಚೀಲದ ಬಿಗಿತಕ್ಕೆ ಪುಡಿಯಾಗುವುದರಿಂದ ಅವುಗಳಿಗೆ ಗಟ್ಟಿ ಡಬ್ಬಿಯೇ ಸರಿ. ಕೆಲಸ ಮುಗಿದ ಮೇಲೆ ಮುಚ್ಚಳದ ಚಿಲುಕವನ್ನು ಹಾಕಿಡಬಾರದು. ಹಾಕಿಟ್ಟರೆ ಗ್ಯಾಸ್ಕೆಟ್ ಸದಾ ಒತ್ತಿಕೊಂಡು ಚಪ್ಪಟೆಯಾಗುವುದು.

ಅವರೆಬೇಳೆಯನ್ನು ಕುದಿನೀರಿನಲ್ಲಿ ಎರಡು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ಬಟ್ಟೆಯ ಮೇಲೆ ನೀರಾರಿಸಿ, ತಟ್ಟೆಯಲ್ಲಿ ಹರಡಿ ಹೆಪ್ಪುಗಟ್ಟಿಸಿ, ಅನಂತರ ಚೀಲಕ್ಕೆ ತುಂಬಬೇಕು. ಗಾಳಿಯಿಲ್ಲದ ಚೀಲದಲ್ಲಿ ಅದು ಫ್ರೀಜರಿನ ಚಳಿಗೆ ಒಣಗಿ ಸೊರಗುವುದಿಲ್ಲ.

ಮರೆಯಬಾರದ ಅಪಾಯ

ಇಲ್ಲಿಯೇ ಹಗೇವಿನ ದೀಪ ನೆನಪಿಗೆ ಬರಬೇಕು. 1895ರಲ್ಲಿ ಬೆಲ್ಜಿಯಂ ದೇಶದ ಎಲ್ಲೆಜೆಲ್ ಎಂಬ ಹಳ್ಳಿಯಲ್ಲಿ ವಾದ್ಯಗಾರರ ತಂಡವೊಂದು ಉಪ್ಪು ಹಾಕಿಟ್ಟ ಹಂದಿಮಾಂಸವನ್ನು ತಿಂದು ಕಾಯಿಲೆಬಿದ್ದಿತು; ಮೂವರು ತೀರಿಕೊಂಡರು. ಎಮಿಲ್ ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಆ ಮಾಂಸದಿಂದ ಬೇರ್ಪಡಿಸಿದ ಸೂಕ್ಷ್ಮಜೀವಿಗೆ ಇಂದಿನ ಹೆಸರು ಕ್ಲಾಸ್ಟ್ರೀಡಿಯಮ್ ಬಾಟುಲಿನಮ್. ಇದು ಬೆಳೆಯುವುದು ಗಾಳಿಯಿಲ್ಲದ, ತೇವವುಳ್ಳ ಎಡೆಯಲ್ಲಿಯೇ. ಇದರ ಬೀಜಕಣಗಳು ಸಾಧಾರಣ ಕುದಿತಕ್ಕೆ ಸಾಯುವುದಿಲ್ಲ. ಇದರ ವಿಷಕ್ಕೆ ವಾಸನೆಯಾಗಲಿ ರುಚಿಯಾಗಲಿ ಇರಬೇಕೆಂದಿಲ್ಲ.

ಆದ್ದರಿಂದ ಬೇಯಿಸಿದ ಅಡಿಗೆಯನ್ನು ಚೀಲದಲ್ಲಿ ಮುಚ್ಚಿ ಕಪಾಟಿನಲ್ಲಿಡುವುದು ಎಂದಿಗೂ ಸಲ್ಲದು. ಅದರ ಸ್ಥಾನ ಫ್ರಿಜ್ಜಿನಲ್ಲಿ, ಅದೂ ಕೆಲವೇ ದಿನಗಳಿಗೆ; ಅಥವಾ ಫ್ರೀಜರಿನಲ್ಲಿ. ಹಸಿ ಬೆಳ್ಳುಳ್ಳಿ, ಅಣಬೆಗಳನ್ನು ಗಾಳಿ ತೆಗೆದು ಮುಚ್ಚಲೇಬಾರದು. ಚೀಲ ಉಬ್ಬಿದ್ದರೆ ರುಚಿ ನೋಡುವ ಗೊಡವೆಗೆ ಹೋಗದೆ ಎಸೆಯುವುದೇ ಲೇಸು. ಚೆನ್ನಾಗಿ ಒಣಗಿದ ರಾಗಿ, ಬೇಳೆ, ಒಣಮೆಣಸಿನಕಾಯಿಗಳಿಗೆ ಮಾತ್ರ ಕಪಾಟು ಸಾಕು. ಧಾನ್ಯದ ತೇವ ನೂರಕ್ಕೆ ಸುಮಾರು 12ಕ್ಕೆ ಇಳಿದಿರಬೇಕು.

ಯಂತ್ರವು ಗಾಳಿಯನ್ನು ತೆಗೆಯಬಲ್ಲದು, ತೇವವನ್ನು ತೆಗೆಯಲಾರದು. ಅದು ಬಿಸಿಲಿನ ಕೆಲಸ, ಮನೆಯವರ ತಾಳ್ಮೆಯ ಕೆಲಸ. ಹೊಸಕೋಟೆಯ ಆ ಮನೆಗೆ ಹೊಸ ಯಂತ್ರ ಬಂದ ದಿನ ಸೊಸೆಯು ರಾಗಿಯನ್ನು ಚೀಲಕ್ಕೆ ತುಂಬಲು ಕುಳಿತಾಗ, ಅತ್ತೆ ನಾಲ್ಕು ಕಾಳನ್ನು ಬಾಯಿಗೆ ಹಾಕಿಕೊಂಡು ಕಡಿದು ನೋಡಿದರು.

"ಇನ್ನೊಂದು ಬಿಸಿಲು ಬೇಕಮ್ಮ" ಎಂದರು.

ಯಂತ್ರ ಒಂದು ದಿನ ಕಾಯಿತು.