ಕಾರ್ಲೆಯ ಮಬ್ಬಿಗೆ ಯಾವ ಕ್ಯಾಮೆರಾ?

ಪ್ರಶ್ನೆ: ನಾವಿರುವುದು ತಳೇಗಾಂವ ದಾಭಾಡೆಯಲ್ಲಿ. ರಜೆ ಬಂದರೆ ಕಾರ್ಲೆ, ಭಾಜೆ ಗುಹೆಗಳಿಗೆ ಹೋಗುತ್ತೇವೆ. ಜೇಬಿನಲ್ಲಿ ಹಿಡಿಯುವ, ಎಲ್ಲವನ್ನೂ ನಾವೇ ಹೊಂದಿಸಿಕೊಳ್ಳಬಹುದಾದ ಕ್ಯಾಮೆರಾ ಯಾವುದು?

ಉತ್ತರ: ಮೆಗಾಪಿಕ್ಸೆಲ್ ಲೆಕ್ಕ ಬಿಡಿ, ಮೊದಲು ಸೆನ್ಸರ್ ಅಳತೆ ಕೇಳಿ. ಅಗ್ಗದ ಕ್ಯಾಮೆರಾಗಳ 1/2.3 ಇಂಚಿನ ಸೆನ್ಸರಿಗಿಂತ 1 ಇಂಚಿನದರ ವಿಸ್ತೀರ್ಣ ಸುಮಾರು ನಾಲ್ಕು ಪಟ್ಟು. ಕಾರ್ಲೆಯ ಚೈತ್ಯಗುಹೆಯೊಳಗಿನ ಮಬ್ಬು ಬೆಳಕಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಎಫ್/1.8 ಲೆನ್ಸ್, ಮ್ಯಾನ್ಯುಯಲ್ ಮೋಡ್, ರಾ ಫೈಲ್ ಸೌಲಭ್ಯವೂ ಬೇಕು. 2019ರಲ್ಲಿ ಬಂದ ಕ್ಯಾನನ್ ಜಿ7ಎಕ್ಸ್ ಮಾರ್ಕ್ 3ರಲ್ಲಿ ಇವೆಲ್ಲ ಇವೆ. ರಿಕೋ ಜಿಆರ್ 3ರ ಸೆನ್ಸರ್ ಇನ್ನೂ ದೊಡ್ಡದು, ಆದರೆ ಅದಕ್ಕೆ ಜೂಮ್ ಲೆನ್ಸ್ ಇಲ್ಲ. ಎತ್ತರದ ಕಂಬಗಳ ಬೋದಿಗೆಯ ಮೇಲಿನ ಆನೆಗಳು ನಿಮಗೆ ಬೇಕಾದರೆ ಕ್ಯಾನನ್ನೇ ಸರಿ. ಅಲ್ಲಿ ಐಎಸ್‌ಒ ಸುಮ್ಮನೆ ಏರಿಸಬೇಡಿ. ಉಸಿರು ಬಿಗಿಹಿಡಿದು, ಮೊಣಕೈ ಎದೆಗೊತ್ತಿ, ಶಟರ್ ವೇಗ 1/15 ಸೆಕೆಂಡಿಗೆ ಇಳಿಸಿ ನೋಡಿ.

ಈ ಚೈತ್ಯವನ್ನು ಮಾಡಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲ ಎಂದು ಮುಖಮಂಟಪದ ಬ್ರಾಹ್ಮೀ ಶಾಸನ ಹೇಳುತ್ತದೆ. ವೈಜಯಂತಿ ಎಂದರೆ ನಮ್ಮ ಬನವಾಸಿ! ಓರೆ ಬೆಳಕು ಬಿದ್ದಾಗ ಆ ಶಾಸನದ ಚಿತ್ರ ತೆಗೆಯಿರಿ, ಅಕ್ಷರಗಳ ಕೆತ್ತನೆ ಸ್ಪಷ್ಟವಾಗುತ್ತದೆ. ಮೇಲೆ ಹೇಳಿದ ಎರಡೂ ಕ್ಯಾಮೆರಾ ಮಳೆ ತಾಳುವುದಿಲ್ಲ. ನಿಮ್ಮ ಮಾವಳ ಸೀಮೆಯ ಮಳೆಗಾಲದಲ್ಲಿ ಜಿಪ್ ಚೀಲವೊಂದು ಜೊತೆಗಿರಲಿ.