ಶ್ರೀಗಂಧ ಮತ್ತು ಸಮುದ್ರ ಸೌತೆ: ಒಂದೇ ವರ್ಷದ ಎರಡು ಕಾನೂನುಗಳು

ಒಂದು ಒಣನೆಲದ ಮರ. ಇನ್ನೊಂದು ಕಡಲಡಿಯ ಮರಳಿನಲ್ಲಿ ಹುದುಗಿ ಬಾಳುವ ಪ್ರಾಣಿ. ಶ್ರೀಗಂಧಕ್ಕೂ ಸಮುದ್ರ ಸೌತೆಗೂ ಮೇಲ್ನೋಟಕ್ಕೆ ಯಾವ ನಂಟೂ ಇಲ್ಲ. ಆದರೆ ವರ್ತಕನ ದೃಷ್ಟಿಯಲ್ಲಿ ಎರಡರ ಲಕ್ಷಣವೂ ಒಂದೇ: ಅಲ್ಪ ತೂಕಕ್ಕೆ ಅಧಿಕ ಬೆಲೆ, ಬರಿದಾಗುತ್ತಿರುವ ದಾಸ್ತಾನು, ಬೆನ್ನು ಬಿಡದ ಕಳ್ಳಸಾಗಣೆ. 2001ರಲ್ಲಿ ಎರಡರ ಕಾನೂನೂ ಬದಲಾಯಿತು, ಆದರೆ ವಿರುದ್ಧ ದಿಕ್ಕಿನಲ್ಲಿ.

ಟಿಪ್ಪು ಸುಲ್ತಾನನು 1792ರಲ್ಲಿ ರಾಜವೃಕ್ಷವೆಂದು ಘೋಷಿಸಿದ ಶ್ರೀಗಂಧವು ರೈತನ ಹೊಲದಲ್ಲಿ ಬೆಳೆದರೂ ಸರಕಾರದ ಸ್ವತ್ತಾಗಿತ್ತು. 1916ರಲ್ಲಿ ಮೈಸೂರಿನಲ್ಲಿ ಆರಂಭವಾದ ಗಂಧದೆಣ್ಣೆ ಉದ್ಯಮಕ್ಕೆ ಈ ಏಕಸ್ವಾಮ್ಯವೇ ಆಸರೆ. ಮರ ಸರಕಾರದ್ದು, ಕಾಯುವ ಹೊಣೆ ಮಾತ್ರ ರೈತನದು! ಸಸಿಯನ್ನು ಚಿಗುರಿನಲ್ಲೇ ಕಿತ್ತೆಸೆಯುವುದು ಕ್ಷೇಮವೆಂದು ಆತನು ಬಗೆದರೆ ಅಚ್ಚರಿಯೇನು? ಎಣ್ಣೆಯು ಚೇಗಿನಲ್ಲಿಯೂ ಬೇರಿನಲ್ಲಿಯೂ ಇರುವುದರಿಂದ ಮರವನ್ನು ಬುಡಸಹಿತ ಕೀಳುತ್ತಾರೆ. ಚೇಗು ಬಲಿಯಲು ಹದಿನೈದು ವರ್ಷಗಳಾದರೂ ಬೇಕು. ಅಷ್ಟು ಕಾಯುವವನಿಗೆ ಒಡೆತನದ ಭರವಸೆ ಅಗತ್ಯ. ಕರ್ನಾಟಕ ಅರಣ್ಯ ಕಾಯಿದೆಯ 2001ರ ತಿದ್ದುಪಡಿ ಅದನ್ನು ಭೂಹಿಡುವಳಿದಾರನಿಗೆ ನೀಡಿತು. ಕಡಿಯಲು, ಸಾಗಿಸಲು ಅನುಮತಿ ಬೇಕೆಂಬ ನಿಯಮ ಮಾತ್ರ ಉಳಿಯಿತು. ಅಷ್ಟರಲ್ಲಿ ಪಶ್ಚಿಮ ಆಸ್ಟ್ರೇಲಿಯದಲ್ಲಿ ನಮ್ಮ ಶ್ರೀಗಂಧದ ತೋಪುಗಳೇ ಎದ್ದಿದ್ದವು.

ಅದೇ ವರ್ಷ ಕೇಂದ್ರ ಸರಕಾರವು ಸಮುದ್ರ ಸೌತೆಗಳನ್ನೆಲ್ಲ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿಸಿತು. ಮನ್ನಾರ್ ಕೊಲ್ಲಿ ಮತ್ತು ಪಾಕ್ ಕೊಲ್ಲಿಗಳಲ್ಲಿ ಸಿಗುವ ‘ಹೊಲೊಥೂರಿಯ ಸ್ಕೇಬ್ರ’ ಇವುಗಳಲ್ಲಿ ಬೆಲೆಯುಳ್ಳ ಜಾತಿ. ಇದನ್ನು ಸೀಳಿ, ಬೇಯಿಸಿ, ಮರಳಲ್ಲಿ ಹೂತು, ಸುಣ್ಣದಂತಹ ಹೊರಚರ್ಮವನ್ನು ಉಜ್ಜಿ ತೆಗೆದು ಒಣಗಿಸಿದರೆ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಇಳಿಯುತ್ತದೆ. ಉಳಿದುದಕ್ಕೆ ಚೀನೀ ಅಡುಗೆಮನೆಗಳಲ್ಲಿ ಭಾರೀ ಬೇಡಿಕೆ. ಗಂಡು ಹೆಣ್ಣುಗಳು ಬೀಜಗಳನ್ನು ನೀರಿಗೇ ಬಿಡುವುದರಿಂದ, ಸಂಖ್ಯೆ ವಿರಳವಾದರೆ ಫಲೀಕರಣವೇ ನಡೆಯದು. ನಿಷೇಧಕ್ಕೆ ಕಾರಣವಿತ್ತು.

ಆದರೆ ನೆರೆಯ ಶ್ರೀಲಂಕಾದಲ್ಲಿ ಪರವಾನಗಿ ಪಡೆದು ಇದನ್ನು ಹಿಡಿಯಬಹುದು, ಸಾಕಲೂಬಹುದು. ಕಿರಿದಾದ ಆ ಜಲಸಂಧಿಯನ್ನು ದಾಟಿದೊಡನೆ ಕಳ್ಳಮಾಲು ಸಕ್ರಮ ಮಾಲಾಗುತ್ತದೆ.

ಮರಕ್ಕೆ ಸರ್ವೆ ನಂಬರು ಉಂಟು, ಒಡೆಯನುಂಟು. ಕಡಲ ಪ್ರಾಣಿಗೆ ಪಹಣಿಯೆಲ್ಲಿ? ಹೀಗಾಗಿ ಗಂಧದ ಸೂತ್ರವನ್ನು ಸಮುದ್ರ ಸೌತೆಗೆ ಯಥಾವತ್ತಾಗಿ ಅನ್ವಯಿಸಲಾಗದು. ಮರಿಮಾಡುವ ಕೇಂದ್ರದಲ್ಲಿ ಬೆಳೆದ ಪ್ರಾಣಿಯ ಮಾತು ಬೇರೆ. ಅದರ ಲೆಕ್ಕವಿಡಬಹುದು, ಒಡೆಯನನ್ನು ಗುರುತಿಸಬಹುದು. ತೂತ್ತುಕುಡಿಯಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1988ರಲ್ಲೇ ಇದೇ ಜಾತಿಯ ಮರಿಗಳನ್ನು ಪಡೆದಿದ್ದರು. ಆ ವಿದ್ಯೆಯಿಂದ ವ್ಯಾಪಾರ ಬೆಳೆಸಿದವರು ಮಡಗಾಸ್ಕರ್, ವಿಯೆಟ್ನಾಂ ಮೊದಲಾದ ದೇಶಗಳ ಕರಾವಳಿಯವರು.