ಔಷಧಕ್ಕಿಂತ ಮೊದಲು ಪರೀಕ್ಷೆ

ದೊಡ್ಡ ಕರುಳಿನಲ್ಲಿಯೂ ಗುದನಾಳದಲ್ಲಿಯೂ ಹುಟ್ಟುವ ಕ್ಯಾನ್ಸರ್ ರೋಗವು ಪಾಶ್ಚಾತ್ಯ ದೇಶಗಳ ಬಲ್ಲಿದರಿಗೆ ಬರತಕ್ಕ ರೋಗವೆಂದು ನಮ್ಮ ಜನರು ಬಹುಕಾಲ ತಿಳಿದಿದ್ದರು. ಆ ದೇಶಗಳಿಗಿಂತ ನಮ್ಮಲ್ಲಿ ಇದರ ಪ್ರಮಾಣವು ಈಗಲೂ ಕಡಿಮೆಯೇ ಸರಿ; ಆದರೆ ಜನಸಂಖ್ಯೆ ದೊಡ್ಡದಾದುದರಿಂದ ರೋಗಿಗಳ ಸಂಖ್ಯೆ ಸಣ್ಣದಲ್ಲ. ೨೦೨೨ನೆಯ ಇಸವಿಯಲ್ಲಿ ಲೋಕದಲ್ಲಿ ಸುಮಾರು ೧೯ ಲಕ್ಷ ಮಂದಿಗೆ ಈ ರೋಗವು ಹೊಸದಾಗಿ ಕಾಣಿಸಿಕೊಂಡಿತೆಂದೂ, ಅವರಲ್ಲಿ ಸುಮಾರು ೭೦ ಸಾವಿರ ಮಂದಿ ಭಾರತೀಯರೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯವರು ಅಂದಾಜು ಮಾಡಿರುವರು. ಬಳ್ಳಾರಿಯ ಪೇಟೆಯವರಾಗಲಿ, ಸಿರುಗುಪ್ಪ ಕುರುಗೋಡುಗಳ ರೈತರಾಗಲಿ ಈ ಲೆಕ್ಕದಿಂದ ಹೊರಗಾದವರೆಂದು ನೆಮ್ಮದಿಯಿಂದ ಇರುವಂತಿಲ್ಲ.

ಈ ರೋಗದ ವಿಷಯದಲ್ಲಿ ಒಂದು ಪರೀಕ್ಷೆಯು ಒಂದು ಸಂಸಾರದ ಹೊಲಮನೆಗಳನ್ನು ಉಳಿಸಬಲ್ಲುದು ಎಂಬುದನ್ನು ವಾಚಕರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ. ಅದನ್ನು ತಿಳಿಯಬೇಕಾದರೆ ರೋಗವು ಹುಟ್ಟುವ ಬಗೆಯನ್ನು ಮೊದಲು ಅರಿಯಬೇಕು.

ನಮ್ಮ ದೇಹದಲ್ಲಿ ಯಾವ ಜೀವಕೋಶವೂ ತನ್ನ ಇಚ್ಛೆಯಂತೆ ಬೆಳೆಯತಕ್ಕದ್ದಲ್ಲ. ಬೆಳೆಯಬೇಕೆಂಬ ಅಪ್ಪಣೆಯು ಹೊರಗಿನಿಂದ ಬಂದು ಮೊದಲು ಕೋಶದ ಹೊರಪೊರೆಯ ಮೇಲಿರುವ ಗ್ರಾಹಕವನ್ನು ಮುಟ್ಟುತ್ತದೆ. ಅಲ್ಲಿಂದ ರಾಸ್ ಎಂಬ ಪ್ರೋಟೀನಿಗೂ, ಅದರಿಂದ ರಾಫ್ ಎಂಬುದಕ್ಕೂ, ಹೀಗೆ ಕೈಯಿಂದ ಕೈಗೆ ದಾಟಿ ಕೋಶದ ಕೇಂದ್ರವನ್ನು ಸೇರುತ್ತದೆ. ಜಿಲ್ಲಾಧಿಕಾರಿಗಳ ಹುಕುಮು ತಹಶೀಲ್ದಾರರ ಮೂಲಕ ಗ್ರಾಮವನ್ನು ಮುಟ್ಟುವಂತೆಯೇ ಇದು. ಮೇಲಿನಿಂದ ಹುಕುಮು ಬಾರದಿದ್ದಾಗ ಕೆಳಗಿನವರು ಸುಮ್ಮನಿರಬೇಕು. ಕೆಲಸ ಮುಗಿದೊಡನೆ ನಿಲ್ಲಬೇಕು. ಆದರೆ ನಡುವಣ ಕಚೇರಿಯ ನೌಕರನೊಬ್ಬನು ಮೇಲಿನವರನ್ನು ಕೇಳದೆ ತಾನೇ ಹಗಲಿರುಳು ಮೊಹರು ಒತ್ತಿ ಹುಕುಮುಗಳನ್ನು ಕಳುಹಿಸತೊಡಗಿದರೆ ಜಿಲ್ಲೆಯ ಗತಿಯೇನು? ರಾಸ್ ಪ್ರೋಟೀನಿನ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರವು ವ್ಯತ್ಯಾಸವಾದಾಗ ಆಗುವುದು ಇದೇ. ಇಂಥ ವ್ಯತ್ಯಾಸಕ್ಕೆ ವಿಜ್ಞಾನಿಗಳು ಉತ್ಪರಿವರ್ತನೆಯೆಂದು ಹೆಸರಿಟ್ಟಿದ್ದಾರೆ.

ಕರುಳಿನ ಕ್ಯಾನ್ಸರು ಒಂದೇ ದಿನದಲ್ಲಿ ಹುಟ್ಟುವುದಲ್ಲ. ಇಂಥ ವ್ಯತ್ಯಾಸಗಳು ಒಂದರ ಮೇಲೊಂದು ಕೂಡುತ್ತ, ಕರುಳಿನ ಒಳಗೋಡೆಯ ಸಣ್ಣ ಗಂಟು ಹಲವು ವರ್ಷಗಳಲ್ಲಿ ಘೋರರೋಗವಾಗುವುದೆಂಬುದನ್ನು ಅಮೆರಿಕದ ಫಿಯರನ್ ಮತ್ತು ವೋಗೆಲ್‌ಸ್ಟೈನ್ ಎಂಬ ವಿದ್ವಾಂಸರು ೧೯೯೦ರಲ್ಲಿ ನಿರೂಪಿಸಿದರು. ಈ ರೋಗಿಗಳ ಪೈಕಿ ನೂರಕ್ಕೆ ಸುಮಾರು ೪೦ ಮಂದಿಯ ಗಂತಿಯಲ್ಲಿ ಕೆ-ರಾಸ್ ಎಂಬ ವಂಶವಾಹಿಯು ಕೆಟ್ಟಿರುತ್ತದೆ.

ಇದನ್ನು ತಿಳಿದು ರೋಗಿಗೆ ಆಗುವ ಪ್ರಯೋಜನವೇನೆಂದು ಕೇಳಬಹುದು. ರೋಗವು ಯಕೃತ್ತು ಶ್ವಾಸಕೋಶಗಳಿಗೆ ಹರಡಿದಾಗ ಕೊಡುವ ಸೆಟುಕ್ಸಿಮಾಬ್, ಪ್ಯಾನಿಟುಮುಮಾಬ್ ಎಂಬ ಬಹುಬೆಲೆಯ ಔಷಧಗಳು ಹೊರಪೊರೆಯ ಗ್ರಾಹಕವನ್ನು ಮುಚ್ಚುತ್ತವೆ. ಎಂದರೆ ಮೇಲಿನ ಕಚೇರಿಗೆ ಬೀಗ ಹಾಕುತ್ತವೆ. ನಡುವಣ ನೌಕರನೇ ಸ್ವತಂತ್ರನಾಗಿ ಮೊಹರು ಒತ್ತುತ್ತಿರುವಾಗ ಮೇಲಿನ ಬಾಗಿಲಿಗೆ ಬೀಗ ಹಾಕಿ ಫಲವೇನು? ಇದು ಬರಿಯ ತರ್ಕವಲ್ಲ. ಬೇರೆ ಚಿಕಿತ್ಸೆಗಳು ನಡೆಯದೆ ಉಳಿದಿದ್ದ ರೋಗಿಗಳ ೩೯೪ ಗಂತಿಗಳನ್ನು ಕೆನಡ ಆಸ್ಟ್ರೇಲಿಯಗಳ ವೈದ್ಯರು ಪರೀಕ್ಷಿಸಿ ೨೦೦೮ರಲ್ಲಿ ಪ್ರಕಟಿಸಿದ ಫಲಿತಾಂಶವು ಹೀಗಿದೆ: ಕೆ-ರಾಸ್ ಸರಿಯಾಗಿದ್ದವರಲ್ಲಿ ಸೆಟುಕ್ಸಿಮಾಬ್ ಪಡೆದವರ ಮಧ್ಯಮ ಆಯುಸ್ಸು ೯.೫ ತಿಂಗಳು, ಪಡೆಯದವರದು ೪.೮ ತಿಂಗಳು. ಕೆ-ರಾಸ್ ಕೆಟ್ಟಿದ್ದವರಲ್ಲಿ ಪಡೆದವರದು ೪.೫, ಪಡೆಯದವರದು ೪.೬. ಒಬ್ಬರಿಗೆ ಆಯುಸ್ಸನ್ನು ಇಮ್ಮಡಿಸಿದ ಔಷಧವು ಮತ್ತೊಬ್ಬರಿಗೆ ಒಂದು ದಿನವನ್ನೂ ಹೆಚ್ಚಿಸಲಿಲ್ಲ.

ಸಿರುಗುಪ್ಪದ ಭತ್ತದ ಗದ್ದೆಯನ್ನು ಮಾರಿ, ಇಲ್ಲವೆ ಕುರುಗೋಡಿನ ಮನೆಯನ್ನು ಅಡವಿಟ್ಟು, ತಂದೆಯ ಪ್ರಾಣಕ್ಕಾಗಿ ಈ ಔಷಧವನ್ನು ತರಲು ಹೊರಡುವ ಮಗನಿಗೆ ಈ ಅಂಕಿಗಳ ಅರ್ಥವೇನೆಂಬುದನ್ನು ನಾವು ವಿವರಿಸಬೇಕಾಗಿಲ್ಲ. ಔಷಧವು ನಾಟದೆಂದು ಮೊದಲೇ ತಿಳಿದರೆ ಗದ್ದೆಯೂ ಉಳಿಯುವುದು. ರೋಗಿಯು ಚರ್ಮದ ಉರಿ ಗುಳ್ಳೆಗಳ ವೃಥಾ ಸಂಕಟದಿಂದಲೂ ಪಾರಾಗುವನು. ವೈದ್ಯರು ಬೇರೆ ದಾರಿಯನ್ನು ಹಿಡಿಯುವರು. ಕೆ-ರಾಸ್‌ನ ಒಂದು ಬಗೆಯ ವ್ಯತ್ಯಾಸಕ್ಕೂ, ಬಿ-ರಾಫ್ ಎಂಬುದರ ವ್ಯತ್ಯಾಸಕ್ಕೂ ಈಚಿನ ವರ್ಷಗಳಲ್ಲಿ ಬೇರೆ ಔಷಧಗಳು ಹೊರಟಿರುವುದರಿಂದ, ವ್ಯತ್ಯಾಸವು ಕಂಡುಬಂದಿತೆಂದರೆ ಎಲ್ಲ ಬಾಗಿಲುಗಳೂ ಮುಚ್ಚಿದವೆಂದು ತಿಳಿಯಬಾರದು.

ಪರೀಕ್ಷೆಯ ಯಂತ್ರಗಳು ದೊಡ್ಡ ನಗರಗಳಲ್ಲಿರಬಹುದು. ಆದರೆ ಪರೀಕ್ಷೆಯ ಯಶಸ್ಸು ನಿಶ್ಚಯವಾಗುವುದು ಶಸ್ತ್ರಕ್ರಿಯೆ ನಡೆದ ಊರಿನಲ್ಲಿಯೇ ಎಂಬುದು ಅನೇಕರಿಗೆ ತಿಳಿಯದು. ಗಂತಿಯಿಂದ ತೆಗೆದ ತುಣುಕನ್ನು ತಡಮಾಡದೆ ನೂರಕ್ಕೆ ಹತ್ತರ ಫಾರ್ಮಲಿನ್ ದ್ರವದಲ್ಲಿ ಮುಳುಗಿಸಿ, ಆರು ಗಂಟೆಗಳಿಗೆ ಕಡಿಮೆಯಾಗದಂತೆ, ಎಪ್ಪತ್ತೆರಡು ಗಂಟೆಗಳಿಗೆ ಮೀರದಂತೆ ಇಟ್ಟು, ಅನಂತರ ಮೇಣದ ಅಚ್ಚಿನಲ್ಲಿ ಕೂರಿಸಬೇಕು. ಇದರಲ್ಲಿ ಅಲಕ್ಷ್ಯವಾದರೆ ತುಣುಕಿನೊಳಗಿನ ಡಿ.ಎನ್.ಎ. ಚೂರುಚೂರಾಗಿ, ಎಂಥ ಯಂತ್ರವೂ ಅದನ್ನು ಓದಲಾರದು. ಸರಿಯಾಗಿ ಮಾಡಿದ ಮೇಣದಚ್ಚಾದರೋ ವರ್ಷಗಟ್ಟಲೆ ಕೆಡದು. ಬಿಸಿಲಿಗೆ ಸಿಕ್ಕದಂತೆ ಕಟ್ಟಿದರೆ ಅಂಚೆಯ ಪೆಟ್ಟಿಗೆಯಲ್ಲಿ ಎಲ್ಲಿಗೆ ಬೇಕಾದರೂ ಹೋಗಬಲ್ಲುದು. ನಿಶ್ಶಕ್ತನಾದ ರೋಗಿಯು ಸುಮಾರು ಮುನ್ನೂರು ಕಿಲೋಮೀಟರು ದೂರದ ಬೆಂಗಳೂರಿಗೆ ಈ ಒಂದು ಪರೀಕ್ಷೆಗಾಗಿ ಹೋಗಬೇಕಾಗಿಲ್ಲ. ಆತನ ಮೇಣದಚ್ಚು ಹೋದರೆ ಸಾಕು.

ಇನ್ನೊಂದು ತಪ್ಪುತಿಳಿವಳಿಕೆಯನ್ನೂ ಇಲ್ಲಿ ನಿವಾರಿಸಬೇಕು. ವಂಶವಾಹಿಯಲ್ಲಿ ದೋಷವಿದೆಯೆಂಬ ಮಾತು ಕಿವಿಗೆ ಬಿದ್ದೊಡನೆ ಆ ಮನೆಯ ಹೆಣ್ಣುಮಕ್ಕಳ ಸಂಬಂಧಗಳಿಗೆ ವಿಘ್ನವಾಗುವ ಸಮಾಜ ನಮ್ಮದು. ಕೆ-ರಾಸ್ ವ್ಯತ್ಯಾಸವು ಗಂತಿಯೊಳಗೆ ಮಾತ್ರ ಹುಟ್ಟಿದುದು. ತಂದೆಯಿಂದ ಬಂದುದಲ್ಲ, ಮಕ್ಕಳಿಗೆ ಹೋಗುವುದೂ ಅಲ್ಲ. ನಿಜವಾಗಿ ವಂಶಪಾರಂಪರ್ಯದಿಂದ ಬರುವ ಬಗೆಯೊಂದುಂಟು. ಅದನ್ನು ಲಿಂಚ್ ಲಕ್ಷಣವೆನ್ನುವರು. ನೂರು ರೋಗಿಗಳಲ್ಲಿ ಸುಮಾರು ಮೂವರದು ಈ ಬಗೆಯದು. ಅಂಥವರ ಪ್ರತಿಯೊಂದು ಮಗುವಿಗೂ ಆ ದೋಷವು ಬರುವ ಸಂಭವವು ಅರ್ಧಕ್ಕರ್ಧ. ಇದರ ಸುಳಿವನ್ನು ಅದೇ ಮೇಣದಚ್ಚಿನ ತೆಳುಪದರಗಳಿಗೆ ಬಣ್ಣ ಕೊಟ್ಟು, ನಾಲ್ಕು ಪ್ರೋಟೀನುಗಳು ಇವೆಯೋ ಇಲ್ಲವೋ ನೋಡಿ ಹಿಡಿಯಬಹುದು. ಅನಂತರ ರಕ್ತಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಇದನ್ನು ಮುಚ್ಚಿಡುವುದು ಮಾನರಕ್ಷಣೆಯಲ್ಲ. ದೋಷವಿರುವ ಮಕ್ಕಳು ಯೌವನದಿಂದಲೇ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಕರುಳಿನ ದರ್ಶಕಪರೀಕ್ಷೆಯನ್ನು ಮಾಡಿಸಿಕೊಂಡು, ಗಂಟುಗಳನ್ನು ಆಗಿಂದಾಗ್ಗೆ ತೆಗೆಸಿಕೊಂಡರೆ ರೋಗವನ್ನೇ ತಪ್ಪಿಸಿಕೊಳ್ಳುವ ಅವಕಾಶ ಹೆಚ್ಚು.

ಎಲ್ಲಕ್ಕೂ ಮೊದಲನೆಯದು ರೋಗಿಯು ಕಾಲಕ್ಕೆ ಸರಿಯಾಗಿ ವೈದ್ಯನ ಬಳಿಗೆ ಬರುವುದು. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ, ಗೋಡೆಯ ಜಾಹೀರಾತುಗಳನ್ನು ನಂಬಿ ತಿಂಗಳುಗಳನ್ನು ಕಳೆಯುವವರು ಎಷ್ಟೋ ಮಂದಿ. ರೋಗವು ಕರುಳಿನ ಗೋಡೆಯೊಳಗೆಯೇ ಇರುವಾಗ ಶಸ್ತ್ರಕ್ರಿಯೆಯಿಂದಲೇ ಬಹುಮಂದಿ ಗುಣಹೊಂದುವರು. ಮೇಲೆ ಹೇಳಿದ ಬಹುಬೆಲೆಯ ಔಷಧಗಳ ಪ್ರಶ್ನೆಯೇ ಏಳುವುದಿಲ್ಲ.

ಬಳ್ಳಾರಿಯಲ್ಲಿ ೧೯೬೧ರಲ್ಲಿ ಸ್ಥಾಪಿತವಾಗಿ ವಿಮ್ಸ್ ಎಂದು ಹೆಸರಾದ ಸರ್ಕಾರಿ ವೈದ್ಯಕೀಯ ಕಾಲೇಜೂ, ಬೆಂಗಳೂರಿನಲ್ಲಿ ೧೯೭೩ರಿಂದ ನಡೆಯುತ್ತಿರುವ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯೂ ಜನರ ಹಣದಿಂದಲೇ ಬೆಳೆದವು. ೨೦೧೮ರಿಂದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಂತೆ ಬಡ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವೂ ಉಂಟು. ಹಾಗಿರಲಾಗಿ ಅಧಿಕಾರಿವರ್ಗದವರಲ್ಲಿ ನಮ್ಮ ಪ್ರಾರ್ಥನೆ ಮೂರು ಮಾತುಗಳಲ್ಲಿದೆ. ಸಿರುಗುಪ್ಪ ಕುರುಗೋಡುಗಳ ಆಸ್ಪತ್ರೆಗಳಿಂದ ಬಳ್ಳಾರಿಗೂ, ಅಲ್ಲಿಂದ ಪರೀಕ್ಷಾಲಯಕ್ಕೂ ತುಣುಕುಗಳು ಕ್ರಮವಾಗಿ ಹೋಗಿಬರುವ ಏರ್ಪಾಡಾಗಲಿ. ಔಷಧದ ಮಂಜೂರಾತಿಗೆ ಮುಂಚೆ ಪರೀಕ್ಷೆಯ ವರದಿಯನ್ನು ಕಡ್ಡಾಯ ಮಾಡಿ, ಅದರ ವೆಚ್ಚವನ್ನು ಬಡವನ ಮೇಲೆ ಹಾಕದಿರಲಿ. ವರದಿಯ ತಾತ್ಪರ್ಯವು ರೋಗಿಗೆ ಕನ್ನಡದಲ್ಲಿ ದೊರೆಯಲಿ. ಔಷಧಕ್ಕೆ ಲಕ್ಷಗಟ್ಟಲೆ ವೆಚ್ಚ ಮಾಡಲು ಒಪ್ಪುವ ಬೊಕ್ಕಸವು ಆ ಔಷಧವು ನಾಟುವುದೇ ಇಲ್ಲವೇ ಎಂದು ಮೊದಲು ನೋಡುವುದಕ್ಕೆ ಹಿಂಜರಿದರೆ ಅದು ಮಿತವ್ಯಯವೆನಿಸದು.